ಹನ್ನೊಂದು ಅಕ್ಷರಗಳ ವಿಳಾಸ

2021ರ ಮಳೆಗಾಲ. ಕುಂದಾಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಮೈಸೂರಿನಿಂದ ಹೋಗುವ ಹಾಗಿರಲಿಲ್ಲ. ದುಡ್ಡಾದರೂ ಕಳಿಸೋಣವೆಂದು ಫೋನು ತೆಗೆದೆ. ಮೂರು ವರ್ಷದ ಹಿಂದೆ ಅವರಿಗೆ ಒಮ್ಮೆ ಹಣ ಹಾಕಿದ್ದೆ. ಖಾತೆ ಸಂಖ್ಯೆ, ಬ್ಯಾಂಕಿನ ಹೆಸರು, ಶಾಖೆಯ ಕೋಡು ಎಲ್ಲ ನನ್ನ ಪಟ್ಟಿಯಲ್ಲಿ ಹಾಗೇ ಉಳಿದಿದ್ದವು. ಒತ್ತಿದೆ. ಹಣ ನನ್ನ ಖಾತೆಯಿಂದ ಹೋಯಿತು. ಸಂಜೆ ದೊಡ್ಡಮ್ಮನ ಫೋನು: ದುಡ್ಡು ಬಂದಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಫೋನಿಗೆ ಸಂದೇಶ ಬಂತು. ಹೋದ ಹಣ ಹೋದಷ್ಟೇ ವಾಪಸ್ಸು ಬಂದಿತ್ತು.

ತಪ್ಪು ನನ್ನದೇ. ದೊಡ್ಡಮ್ಮನ ಖಾತೆಯಿದ್ದ ಬ್ಯಾಂಕು ಬೇರೊಂದರಲ್ಲಿ ವಿಲೀನವಾಗಿತ್ತು, ಹಳೆಯ ಕೋಡುಗಳು ರದ್ದಾಗಿದ್ದವು. ಅದನ್ನು ಪತ್ರಿಕೆಯಲ್ಲಿ ಓದಿಯೂ ಮರೆತಿದ್ದೆ. ಮರುದಿನ ಅದನ್ನೇ ದೊಡ್ಡಮ್ಮನಿಗೆ ವಿವರಿಸಲು ಹೊರಟೆ. ಅವರ ಬ್ಯಾಂಕು ಈಗ ಇಲ್ಲ ಎಂದೆ. ಅವರಿಗೆ ಆಶ್ಚರ್ಯ. "ಬ್ಯಾಂಕ್ ಅಲ್ಲೇ ಇತ್ತಲ್ದಾ ಮಗಾ?" ಅಂದರು.

ಮೈಸೂರಿನ ಕಿವಿಗೆ ಅದು ಭೂತಕಾಲ. ಆದರೆ ಕುಂದಾಪುರದ ಮಾತಿನಲ್ಲಿ 'ಇತ್ತ್' ಎಂದರೆ 'ಇದೆ'. ಅವರು ಹೇಳಿದ್ದು, ಬ್ಯಾಂಕು ಅಲ್ಲೇ ಇದೆಯಲ್ಲವೇ ಎಂದು. ಕಟ್ಟಡ ಅದೇ, ಮೆಟ್ಟಿಲು ಅದೇ, ಕಿಟಕಿಯ ಆಚೆ ಕೂರುವವರೂ ಹೆಚ್ಚುಕಡಿಮೆ ಅವರೇ. ಅವರಿಗೆ 'ಇದೆ' ಆಗಿದ್ದದ್ದು ನನಗೆ 'ಇತ್ತು' ಆಗಿತ್ತು. ಯಂತ್ರಕ್ಕಂತೂ ಇರಲೇ ಇಲ್ಲ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಶಾಸನಗಳ ತರಗತಿಯಲ್ಲಿ ಹುಡುಗರಿಗೆ ಮೊದಲು ಹೇಳುವ ಮಾತೆಂದರೆ, ರಾಜನ ಬಿರುದುಗಳನ್ನು ಓದಿ ಬೆರಗಾಗಬೇಡಿ, ಕೆಳಗೆ ಬಂದು ಗಡಿಗಳನ್ನು ಓದಿ ಎಂದು. ದಾನ ಕೊಟ್ಟ ಭೂಮಿಗೆ ಮೂಡಲಲ್ಲಿ ಯಾವ ಕೆರೆ, ಪಡುವಲಲ್ಲಿ ಯಾವ ಮರ, ತೆಂಕಲಲ್ಲಿ ಯಾರ ಹೊಲ. ಊರಿನ ನಿಜವಾದ ಚರಿತ್ರೆ ಇರುವುದು ಆ ನಾಲ್ಕು ಸೀಮೆಗಳಲ್ಲಿ. ವಾಪಸ್ಸು ಬಂದ ಹಣದ ದೆಸೆಯಿಂದ ದೊಡ್ಡಮ್ಮನ ಪಾಸ್‌ಬುಕ್ಕಿನ ಮೊದಲ ಪುಟವನ್ನು ನಾನು ಹಾಗೆ ಓದತೊಡಗಿದೆ. ಅಲ್ಲಿಯೂ ಒಂದು ಸೀಮೆಯ ವಿವರಣೆ ಇದೆ, ಹನ್ನೊಂದು ಅಕ್ಷರಗಳಲ್ಲಿ.

ನಾವು ಐಎಫ್‌ಎಸ್‌ಸಿ ಎನ್ನುವ ಆ ಕೋಡನ್ನು ಬಿಡಿಸುವುದು ಸುಲಭ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು. ಐದನೆಯದು ಸೊನ್ನೆ, ಮುಂದೆಂದಾದರೂ ಬೇಕಾದೀತೆಂದು ಖಾಲಿ ಇಟ್ಟ ಜಾಗ. ಕೊನೆಯ ಆರು ಶಾಖೆಯದು; ಅಂಕಿಯೂ ಇರಬಹುದು, ಅಕ್ಷರವೂ ಇರಬಹುದು. ಆ ಸೊನ್ನೆಯನ್ನು ಇಂಗ್ಲಿಷಿನ 'ಓ' ಎಂದು ಬರೆದು ಪೇಚಿಗೆ ಸಿಕ್ಕಿದವರು ಎಷ್ಟು ಮಂದಿಯೋ. ಐದನೆಯದು ಸೊನ್ನೆ, ಅಕ್ಷರವಲ್ಲ ಎಂದು ಬರೆದು ತಿಳಿಸುವ ಬ್ಯಾಂಕುಗಳೂ ಇವೆ. ಇದನ್ನೆಲ್ಲ ಕನ್ನಡದಲ್ಲೇ ಬರೆಯುವ ಹಾಗಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ, ನಮ್ಮ 'ಓ'ಗೂ ಸೊನ್ನೆಗೂ ಯಾವ ಹೋಲಿಕೆಯೂ ಇಲ್ಲ.

ಹಣಕ್ಕೆ ವಿಳಾಸ ಬರೆಯುವ ಕಷ್ಟ ಹಳೆಯದು. ಬ್ಯಾಂಕುಗಳು ಬರುವ ಮೊದಲು ನಮ್ಮ ದೇಶದ ವ್ಯಾಪಾರಿಗಳು ಹುಂಡಿ ಬರೆಯುತ್ತಿದ್ದರು. ಒಂದು ಊರಿನ ಸಾಹುಕಾರ ಇನ್ನೊಂದು ಊರಿನ ಸಾಹುಕಾರನಿಗೆ ಬರೆದ ಕಾಗದ ಅದು. ಇಂಥವರಿಗೆ ಇಷ್ಟು ಹಣ ಕೊಡಿ, ಲೆಕ್ಕ ನಮ್ಮಿಬ್ಬರಲ್ಲಿ ಆಮೇಲೆ. ಕಂಡ ಕೂಡಲೇ ಕೊಡಬೇಕಾದದ್ದು ದರ್ಶನಿ ಹುಂಡಿ, ವಾಯಿದೆ ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಮೊತ್ತವನ್ನು ಯಾರೂ ತಿದ್ದಬಾರದೆಂದು ಅದನ್ನು ಸುತ್ತಿ ಬಳಸಿ ಬರೆಯುತ್ತಿದ್ದರು: ನೂರು ರೂಪಾಯಿ, ಅದರ ಅರ್ಧ ಐವತ್ತು, ಆ ಐವತ್ತರ ದುಪ್ಪಟ್ಟು. ನನಗೆ ಹೆಚ್ಚು ಹಿಡಿಸಿದ್ದು ಶಾಹ್‌ಜೋಗ್ ಎಂಬ ಬಗೆಯ ಹುಂಡಿ. ಅದನ್ನು ಯಾರು ತಂದರೂ ಹಣ ಕೊಡುವಂತಿಲ್ಲ. ಪೇಟೆಯಲ್ಲಿ ಹೆಸರುಳ್ಳ ಮನುಷ್ಯನೊಬ್ಬನ ಮೂಲಕವೇ ಬರಬೇಕು. ಅಂದರೆ ಆ ಕಾಗದ ಎಷ್ಟು ಎಂಬುದರ ಜೊತೆಗೆ ಯಾರು ಎಂದೂ ಕೇಳುತ್ತಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದೊಡ್ಡಪ್ಪ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ವರ್ಷಗಟ್ಟಲೆ ಡ್ರಾಫ್ಟಿನ ಕೌಂಟರಿನಲ್ಲಿ ಕೂತವರು. ಬೇಸಿಗೆ ರಜೆಯಲ್ಲಿ ಹೋದಾಗ ನಾನು ಅವರಿಗೆ ಊರಿನ ಹೆಸರು ಹೇಳುವುದು, ಅವರು ತಮ್ಮ ಬ್ಯಾಂಕಿನ ಆ ಊರಿನ ಶಾಖೆಯ ನಂಬರು ಹೇಳುವುದು ಒಂದು ಆಟವಾಗಿತ್ತು. ಹುಬ್ಬಳ್ಳಿ? ನಂಬರು. ಬಳ್ಳಾರಿ? ನಂಬರು. ಮುಂಬಯಿಯ ಮಾಟುಂಗ? ಅದಕ್ಕೂ ನಂಬರು. ಸರಿಯೋ ತಪ್ಪೋ ನೋಡಲು ನನ್ನ ಬಳಿ ಪುಸ್ತಕವಿರಲಿಲ್ಲ, ಆದರೆ ಒಂದೇ ಊರಿಗೆ ಎರಡು ದಿನ ಬಿಟ್ಟು ಕೇಳಿದರೂ ಅದೇ ನಂಬರು ಬರುತ್ತಿತ್ತು.

ಆ ನಂಬರುಗಳು ಗ್ರಾಹಕರಿಗಾಗಿ ಹುಟ್ಟಿದವಲ್ಲ. ಒಂದು ಶಾಖೆ ಇನ್ನೊಂದು ಶಾಖೆಯ ಮೇಲೆ ಡ್ರಾಫ್ಟ್ ಬರೆದರೆ ಇಲ್ಲಿ ಜಮಾ, ಅಲ್ಲಿ ಖರ್ಚು. ಈ ಎರಡನ್ನು ಕೇಂದ್ರ ಕಚೇರಿಯಲ್ಲಿ ಯಾರಾದರೂ ಕೂತು ಹೊಂದಿಸಬೇಕು. ನೂರಾರು ಶಾಖೆಗಳಿದ್ದಾಗ ಊರಿನ ಹೆಸರು ನಂಬಿ ಆ ಕೆಲಸ ಆಗದು. ಒಂದೇ ಹೆಸರಿನ ಊರು ಎರಡಿರುತ್ತವೆ, ಒಂದೇ ಊರಿನ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಹಾಗಾಗಿ ಪ್ರತಿ ಶಾಖೆಗೂ ಒಂದು ಸಂಖ್ಯೆ. ಹಣ ತುರ್ತಾಗಿ ಹೋಗಬೇಕಿದ್ದರೆ ಟಿ.ಟಿ., ಅಂದರೆ ತಂತಿಯ ಮೂಲಕ. ತಂತಿಯನ್ನು ಯಾರು ಬೇಕಾದರೂ ಕೊಡಬಹುದಲ್ಲ, ಅದಕ್ಕೆ ಸಂದೇಶದ ಜೊತೆ ಒಂದು ಗುಪ್ತ ಸಂಖ್ಯೆ. ತಿಜೋರಿಯಲ್ಲಿಟ್ಟ ಪುಸ್ತಕ ನೋಡಿ, ಮೊತ್ತ, ತಾರೀಕು ಇತ್ಯಾದಿ ಕೂಡಿಸಿ ಆ ಸಂಖ್ಯೆ ತೆಗೆಯಬೇಕು. ಆ ಕಡೆಯವರು ತಮ್ಮ ಪುಸ್ತಕ ನೋಡಿ ತಾಳೆ ಹಾಕಬೇಕು. ಅವಸರವಿಲ್ಲದಿದ್ದರೆ ಅಂಚೆಯ ಎಂ.ಟಿ. ಉಳಿದವರಿಗೆಲ್ಲ ಡಿ.ಡಿ. ಕಾಲೇಜು ಅರ್ಜಿಗೆ ಡಿ.ಡಿ. ತೆಗೆಸಲು ಸಾಲಿನಲ್ಲಿ ನಿಂತ ನನ್ನ ವಯಸ್ಸಿನವರಿಗೆ ಅದರ ನೆತ್ತಿಯ ಮೇಲೆ ಇಷ್ಟು ರೂಪಾಯಿಗೆ ಮೀರಿಲ್ಲ ಎಂದು ಅಡ್ಡಲಾಗಿ ಬರೆದಿರುತ್ತಿದ್ದದ್ದು ನೆನಪಿರಬಹುದು. ಹುಂಡಿಯ ಐವತ್ತರ ದುಪ್ಪಟ್ಟಿಗೂ ಅದಕ್ಕೂ ಉದ್ದೇಶ ಒಂದೇ.

ಎಲ್ಲ ಬ್ಯಾಂಕುಗಳಿಗೂ ಸೇರಿ ಒಂದೇ ಲಿಪಿ ಬೇಕೆನಿಸಿದ್ದು ಚೆಕ್ಕುಗಳ ರಾಶಿ ಕೈಮೀರಿದಾಗ. ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ವರದಿ ಕೊಟ್ಟಿತು. ಆ ದಶಕದಲ್ಲೇ ಚೆಕ್ಕಿನ ತಳದಲ್ಲಿ ಕಾಂತೀಯ ಶಾಯಿಯ ಅಂಕಿಗಳು ಬಂದವು. ಅದೇ ಎಂಐಸಿಆರ್. ಒಂಬತ್ತು ಅಂಕಿ: ಮೊದಲ ಮೂರು ಊರಿನದು, ನಡುವಿನ ಮೂರು ಬ್ಯಾಂಕಿನದು, ಕೊನೆಯ ಮೂರು ಶಾಖೆಯದು. ಊರಿನ ಅಂಕಿಗಳಿಗಾಗಿ ಹೊಸದೇನನ್ನೂ ಹುಡುಕಲಿಲ್ಲ, ಅಂಚೆಯ ಪಿನ್ ಕೋಡಿನ ಮೊದಲ ಮೂರನ್ನೇ ತೆಗೆದುಕೊಂಡರು. ಬೆಂಗಳೂರು 560, ಮೈಸೂರು 570, ಮಂಗಳೂರು 575. ಆ ಪಿನ್ ಕೋಡು 1972ರ ಆಗಸ್ಟ್ 15ರಂದು ಜಾರಿಗೆ ಬಂದದ್ದು, ಅದರ ಹಿಂದಿದ್ದವರು ಅಂಚೆ ಇಲಾಖೆಯ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಮಾತ್ರೆ, ಗಣ ಎಣಿಸಿ ಅಭ್ಯಾಸವಿದ್ದವರಿಗೆ ದೇಶವನ್ನು ಆರು ಅಂಕಿಗಳಲ್ಲಿ ಕೂರಿಸುವುದು ಕಷ್ಟವಾಗಿರಲಿಕ್ಕಿಲ್ಲ ಎಂಬುದು ನನ್ನ ಊಹೆ, ಪುರಾವೆ ಕೇಳಬೇಡಿ.

ಬ್ಯಾಂಕಿನ ಮೂರು ಅಂಕಿಗಳಲ್ಲಿ ಒಂದು ಸರದಿ ಇತ್ತು. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ 002, ಅದರ ಹಿಂದೆ ಅದರ ಸಹವರ್ತಿ ಬ್ಯಾಂಕುಗಳು, ಮೈಸೂರಿನದು 006. ಆಮೇಲೆ ರಾಷ್ಟ್ರೀಕೃತ ಬ್ಯಾಂಕುಗಳು, ಹೆಚ್ಚುಕಡಿಮೆ ಇಂಗ್ಲಿಷ್ ಅಕಾರಾದಿಯಲ್ಲಿ: ಕೆನರಾ 015, ಕಾರ್ಪೊರೇಷನ್ 017, ಸಿಂಡಿಕೇಟ್ 025, ವಿಜಯಾ 029. ಕರಾವಳಿಯಲ್ಲಿ ಓದಿದ ಯಾರಾದರೂ ಈ ಸಾಲಿನ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಹುಟ್ಟಿದ ನಾಲ್ಕು ಬ್ಯಾಂಕುಗಳು ಇಡೀ ದೇಶದ ಹಾಜರಿಪಟ್ಟಿಯಲ್ಲಿ ಕೂತಿದ್ದವು.

ಅವು ಹುಟ್ಟಿದ ಬಗೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮುಂದಾಳತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಬಂಡವಾಳ ಐದು ಸಾವಿರ ರೂಪಾಯಿ. ಮೊದಲ ದಿನ ಮುಗಿದಾಗ ಬ್ಯಾಂಕಿನಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟವರ ಬಗ್ಗೆ ನನಗೆ ಗೌರವ. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಒಂದೇ ವರ್ಷದಲ್ಲಿ ಒಂದೇ ಜಿಲ್ಲೆಯಲ್ಲಿ ಒಬ್ಬ ಮುಸ್ಲಿಂ ವ್ಯಾಪಾರಿಯೂ ಒಬ್ಬ ಸಾರಸ್ವತ ವಕೀಲರೂ ಬ್ಯಾಂಕು ಕಟ್ಟಿದ್ದು ಕಾಕತಾಳೀಯವಲ್ಲ. ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ ಕಾಲ ಅದು. 1924ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕ್ ಬಂತು. 1931ರ ವಿಜಯದಶಮಿಯ ಹೊತ್ತಿಗೆ ಎ. ಬಿ. ಶೆಟ್ಟರು ಒಂದಿಷ್ಟು ರೈತರನ್ನು ಜೊತೆ ಮಾಡಿಕೊಂಡು ವಿಜಯಾ ಬ್ಯಾಂಕ್ ಕಟ್ಟಿದರು. ಹಬ್ಬದ ಹೆಸರೇ ಬ್ಯಾಂಕಿನ ಹೆಸರಾಯಿತು.

ಸಿಂಡಿಕೇಟ್ ಬ್ಯಾಂಕಿನದು 1925. ಡಾ. ಟಿ. ಎಂ. ಎ. ಪೈ ವೈದ್ಯರು, ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಇಂಜಿನಿಯರ್. ಕೈಮಗ್ಗದ ನೇಕಾರರಿಗೆ ಕಷ್ಟ ಬಂದಿದ್ದ ಸಮಯದಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಶುರುಮಾಡಿದರು. 1928ರಲ್ಲಿ ಇವರು ತಂದ ಪಿಗ್ಮಿ ಠೇವಣಿ ನಮ್ಮ ನಾಡಿನ ಮಾತಿಗೇ ಒಂದು ಪದ ಕೊಟ್ಟಿತು. ದಿನಕ್ಕೆ ಎರಡಾಣೆ ಇದ್ದರೆ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾರೆ. ಇಂದಿಗೂ ನಮ್ಮ ಸಹಕಾರಿ ಸಂಘಗಳಲ್ಲಿ 'ಪಿಗ್ಮಿ ಕಟ್ಟುವುದು' ಎನ್ನುತ್ತೇವೆ. ಪಿಗ್ಮಿಯವರಿಗೆ ಯಾವ ಕೋಡೂ ಬೇಕಿರಲಿಲ್ಲ. ಯಾರ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಮೀನು ಮಾರುವ ಹೆಂಗಸಿನ ಬುಟ್ಟಿ ಎಷ್ಟು ಗಂಟೆಗೆ ಖಾಲಿಯಾಗುತ್ತದೆ, ಯಾರ ಮನೆಯಲ್ಲಿ ಗಂಡನಿಗೆ ಗೊತ್ತಾಗದಂತೆ ಚೀಟಿ ಬರೆಯಬೇಕು, ಇವೇ ಅವರ ವಿಳಾಸಗಳು.

ಈ ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್, ವಿಜಯಾ 1980ರಲ್ಲಿ ಸರ್ಕಾರದವಾದವು. ಕರ್ನಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿಯಿತು. 1990ರ ದಶಕದ ಕೊನೆಗೆ ಬ್ಯಾಂಕುಗಳ ನಡುವೆ ಇನ್ಫಿನೆಟ್ ಎಂಬ ಜಾಲ ಹರಡಿತು. 2001ರಲ್ಲಿ ಅದರ ಮೇಲೆ ಸಂದೇಶ ಸಾಗಿಸುವ ವ್ಯವಸ್ಥೆ ಬಂತು. ಹಳೆಯ ಟಿ.ಟಿ.ಗೆ ತಂತಿ ಕಚೇರಿ ಇದ್ದಂತೆ ಇದು. ಈ ಜಾಲದೊಳಗೆ ಪ್ರತಿ ಶಾಖೆಗೂ ಇರುವ ವಿಳಾಸವೇ ನಮ್ಮ ಹನ್ನೊಂದು ಅಕ್ಷರ. ದೊಡ್ಡ ಮೊತ್ತಕ್ಕೆ 2004ರ ಮಾರ್ಚಿನಲ್ಲಿ ಆರ್‌ಟಿಜಿಎಸ್, ಸಣ್ಣವರಿಗೆ 2005ರ ನವೆಂಬರಿನಲ್ಲಿ ನೆಫ್ಟ್. ಅಲ್ಲಿಂದ ದೊಡ್ಡಪ್ಪನ ತಲೆಯೊಳಗಿದ್ದ ಗುಟ್ಟಿನ ನಂಬರು ಎಲ್ಲರ ಪಾಸ್‌ಬುಕ್ಕಿಗೆ ಬಂದು ಕೂತಿತು. ಅವರಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. "ಇನ್ನ್ ಗುಮಾಸ್ತ ಎಂತಕ್ಕೆ?" ಎಂದಿದ್ದರು.

ಮೊದಲ ನಾಲ್ಕು ಅಕ್ಷರಗಳು ಬ್ಯಾಂಕಿನ ಹೆಸರನ್ನು ಹಿಂಡಿದ ಸಾರ. ಕೆನರಾಕ್ಕೆ ಸಿಎನ್‌ಆರ್‌ಬಿ, ಕರ್ನಾಟಕ ಬ್ಯಾಂಕಿಗೆ ಕೆಎಆರ್‌ಬಿ, ಸಿಂಡಿಕೇಟಿಗೆ ಎಸ್‌ವೈಎನ್‌ಬಿ, ವಿಜಯಾಕ್ಕೆ ವಿಐಜೆಬಿ. ಕಾರ್ಪೊರೇಷನ್ ಬ್ಯಾಂಕಿನದು ಮಾತ್ರ ಒಂದು ಪದದ ಹಾಗೆಯೇ ಓದಲು ಬರುತ್ತಿತ್ತು, 'ಕಾರ್ಪ್'. ಹೆಸರು ಬದಲಾದರೂ ಕೋಡು ಬದಲಾಗದೆ ಉಳಿಯುವುದುಂಟು. ಆಕ್ಸಿಸ್ ಬ್ಯಾಂಕಿನ ಕೋಡು ಯುಟಿಐಬಿ ಎಂದು ಶುರುವಾಗುತ್ತದೆ, ಏಕೆಂದರೆ 2007ರವರೆಗೆ ಅದು ಯುಟಿಐ ಬ್ಯಾಂಕ್. ಅಂಗಡಿಯ ಬೋರ್ಡು ಬದಲಿಸಿದರೂ ಊರಿನವರು ಹಳೆಯ ಹೆಸರಿನಿಂದಲೇ ಕರೆಯುತ್ತಾರಲ್ಲ, ಯಂತ್ರಕ್ಕೂ ಆ ಚಾಳಿ ಇದೆ.

ಆದರೆ ವಿಲೀನದ ಕತೆ ಬೇರೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. 2019ರ ಅದೇ ತಾರೀಕು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಅದನ್ನು ವಿರೋಧಿಸಿ ಮಂಗಳೂರಿನಲ್ಲಿ ಪ್ರತಿಭಟನೆಗಳಾದವು. 2020ರ ಅದೇ ತಾರೀಕು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಆಗ ದೇಶವೆಲ್ಲ ಬೀಗ ಹಾಕಿ ಕೂತಿತ್ತು, ಯಾರೂ ಬೀದಿಗಿಳಿಯುವಂತಿರಲಿಲ್ಲ. ಏಪ್ರಿಲ್ ಒಂದು ಹೊಸ ಆರ್ಥಿಕ ವರ್ಷದ ಮೊದಲ ದಿನ, ಅಷ್ಟೇ. ಬೇರೆ ಅರ್ಥ ಹುಡುಕುವವರಿಗೆ ನಾನು ಜೊತೆಯಾಗುವುದಿಲ್ಲ.

ಇಲ್ಲಿಂದ ನನ್ನೊಳಗಿನ ಶಾಸನ ಓದುವವನಿಗೆ ಕೆಲಸ ಸಿಕ್ಕಿತು. ಒಂದು ರಾಜ್ಯ ಇನ್ನೊಂದನ್ನು ಗೆದ್ದಾಗ ಹಳೆಯ ನಾಡುಗಳ ಹೆಸರುಗಳನ್ನು ಅಳಿಸುವುದು ಕಡಿಮೆ, ತನ್ನ ಲೆಕ್ಕದೊಳಗೆ ಒಂದು ವಿಭಾಗ ಮಾಡಿಕೊಳ್ಳುವುದೇ ಹೆಚ್ಚು. ಇವೂ ಹಾಗೇ. ಸಿಂಡಿಕೇಟಿನ ಶಾಖೆಗಳಿಗೆ ನಾಲ್ಕಂಕಿಯ ಸಂಖ್ಯೆಗಳಿದ್ದವು. ಕೆನರಾದಲ್ಲೂ ಅವೇ ಸಂಖ್ಯೆಗಳ ಶಾಖೆಗಳು ಇರಬಹುದಲ್ಲ, ಹಾಗಾಗಿ ಹತ್ತು ಸಾವಿರ ಕೂಡಿಸಿದರು. ಹಳೆಯ ಸಂಖ್ಯೆಯ ಮುಂದೆ ಒಂದು 1 ಬಂದು ನಿಂತಿತು. ಆ ಒಂದರ ಹಿಂದೆ ಸಿಂಡಿಕೇಟಿನ ಸಂಖ್ಯೆ ಇಡಿಯಾಗಿ, ಒಂದಂಕಿಯೂ ಮುಕ್ಕಾಗದೆ ಕೂತಿದೆ. 2021ರ ಜುಲೈ 1ರಿಂದ ಹಳೆಯ ಎಸ್‌ವೈಎನ್‌ಬಿ ಕೋಡುಗಳು ನಿಂತವು. ಯೂನಿಯನ್ ಬ್ಯಾಂಕಿನ ಕೋಡಿನಲ್ಲಿ ಸೊನ್ನೆಯ ಪಕ್ಕ 9 ಇದ್ದರೆ ಆ ಶಾಖೆ ಹಿಂದೆ ಕಾರ್ಪೊರೇಷನ್ ಬ್ಯಾಂಕಿನದು. 8 ಇದ್ದರೆ ಆಂಧ್ರ ಬ್ಯಾಂಕಿನದು. ವಿಜಯಾದ ಪಾಲಿಗೆ ಇನ್ನೂ ಸ್ವಲ್ಪ ಉದಾರತೆ ತೋರಿದ್ದಾರೆ. ಬರೋಡಾದವರು ಶಾಖೆಗೆ ಅಕ್ಷರಗಳನ್ನು ಬಳಸುವವರಾದ್ದರಿಂದ, ಸೊನ್ನೆ ದಾಟಿದ ಕೂಡಲೇ 'ವಿ' ಮತ್ತು 'ಜೆ' ಸಿಗುತ್ತವೆ. ವಿಜಯದ ಮೊದಲೆರಡು ವ್ಯಂಜನ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಟೇಟ್ ಬ್ಯಾಂಕು. ಮೈಸೂರು ಬ್ಯಾಂಕು ಹುಟ್ಟಿದ್ದು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. 1960ರಲ್ಲಿ ಅದು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. ವಿಲೀನದ ನಂತರ ಅದರ ಶಾಖೆಗಳ ಕೋಡಿನಲ್ಲಿ ಮೊದಲ ನಾಲ್ಕು ಅಕ್ಷರ ಮಾತ್ರ ಬದಲಾದವು, ಅಂಕಿಗಳು ಹಾಗೇ ಉಳಿದವು. ಅವೆಲ್ಲ ಎರಡು ಸೊನ್ನೆಗಳ ನಂತರ 40 ಎಂದು ಶುರುವಾಗುತ್ತವೆ. ಹೈದರಾಬಾದಿನದಕ್ಕೆ 20. ಪಟಿಯಾಲದ್ದಕ್ಕೆ 50. ತಿರುವಾಂಕೂರಿನದಕ್ಕೆ 70. ಸಂಸ್ಥಾನಗಳು ಭಾರತದಲ್ಲಿ ಸೇರಿ ಎಪ್ಪತ್ತು ವರ್ಷವಾದ ಮೇಲೂ ಅವುಗಳ ನಕ್ಷೆ ಒಂದು ಬ್ಯಾಂಕಿನ ಶಾಖೆಗಳ ಪಟ್ಟಿಯಲ್ಲಿ ಉಳಿದಿದೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಮೈಸೂರು, ಮಂಡ್ಯದ ಕಡೆ 40 ಸಿಗುತ್ತದೆ, ರಾಯಚೂರು, ಕಲಬುರಗಿಯ ಕಡೆ 20 ಸಿಗುತ್ತದೆ. 1956ರಲ್ಲಿ ಅಳಿಸಿಹೋಯಿತು ಎಂದು ನಾನು ಪಾಠ ಮಾಡುವ ಗೆರೆ ಅದು. ಈಚೆಗೆ ತರಗತಿಯಲ್ಲಿ ಹುಡುಗರಿಗೆ ತಮ್ಮ ತಮ್ಮ ವಿದ್ಯಾರ್ಥಿವೇತನದ ಖಾತೆಯ ಕೋಡು ನೋಡಲು ಹೇಳಿದೆ. ಬೀದರ್ ಕಡೆಯ ಹುಡುಗಿಯೊಬ್ಬಳು ತನ್ನದರಲ್ಲಿ 20 ಇದೆ ಎಂದಳು. ನಿಜಾಮರ ಮೇಲೆ ನಾನು ಮಾಡಿದ ಯಾವ ಪಾಠಕ್ಕೂ ಅವಳ ಮುಖದಲ್ಲಿ ಅಷ್ಟು ಬೆಳಕು ಬಂದಿರಲಿಲ್ಲ.

ಇದನ್ನೆಲ್ಲ ಹೇಳುವಾಗ ಹಳೆಯದೆಲ್ಲ ಚಿನ್ನ ಎಂಬ ರಾಗ ಬರದಂತೆ ನೋಡಿಕೊಳ್ಳಬೇಕು. ನುಂಗಿಸಿಕೊಂಡ ಬ್ಯಾಂಕುಗಳು ತಾವೂ ನುಂಗಿದ್ದವು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ ರಿಸರ್ವ್ ಬ್ಯಾಂಕು ಸಣ್ಣ ಬ್ಯಾಂಕುಗಳನ್ನು ದೊಡ್ಡವುಗಳಿಗೆ ಸೇರಿಸತೊಡಗಿತು. ಆ ದಶಕದಲ್ಲಿ ವಿಜಯಾದೊಳಗೆ ಒಂಬತ್ತು ಸಣ್ಣ ಬ್ಯಾಂಕುಗಳು ಬಂದು ಸೇರಿದವು. ಶೃಂಗೇರಿ ಶಾರದಾ ಬ್ಯಾಂಕು, ಚಿತ್ರದುರ್ಗದ ಬ್ಯಾಂಕು ಕರ್ನಾಟಕ ಬ್ಯಾಂಕಿಗೆ ಸೇರಿದವು. ಅವುಗಳಿಗೂ ಸ್ಥಾಪಕರಿದ್ದರು, ಅವುಗಳ ಮೊದಲ ದಿನದ ಪೈಗಳನ್ನೂ ಯಾರೋ ಎಣಿಸಿರಬೇಕು. ಆದರೆ ಆಗ ಕೋಡು ಇರಲಿಲ್ಲ. ಆದ್ದರಿಂದ ಅವುಗಳ ಒಂದಕ್ಷರವೂ ಎಲ್ಲೂ ಉಳಿದಿಲ್ಲ. ವಿಜಯಾಕ್ಕೆ ಕನಿಷ್ಠ ಎರಡಕ್ಷರ ಸಿಕ್ಕಿತು.

ಮತ್ತೆ ದೊಡ್ಡಮ್ಮನ ಹಣಕ್ಕೆ ಬರುತ್ತೇನೆ. ಅದು ವಾಪಸ್ಸು ಬಂದದ್ದು ಪುಣ್ಯ. ನೆಫ್ಟಿನ ನಿಯಮದಂತೆ ಜಮಾ ಮಾಡಲಾಗದ ಹಣವನ್ನು ಅದು ಹೋದ ಕಂತು ಮುಗಿದ ಎರಡು ಗಂಟೆಯೊಳಗೆ ಮರಳಿಸಬೇಕು. ನನ್ನದು ಅದಕ್ಕಿಂತ ತಡವಾಗಿಯೇ ಬಂತು, ಆದರೂ ಬಂತು. ಕೋಡು ಸತ್ತಿದ್ದಕ್ಕೆ ಬಂತು. ಕೋಡು ಜೀವಂತವಿದ್ದು ಖಾತೆ ಸಂಖ್ಯೆಯಲ್ಲಿ ಒಂದಂಕಿ ತಪ್ಪಿ, ಆ ಸಂಖ್ಯೆಯ ಖಾತೆ ಬೇರೆ ಯಾರದೋ ಇದ್ದಿದ್ದರೆ, ಹಣ ಅವರಿಗೆ ಹೋಗುತ್ತಿತ್ತು. ಏಕೆಂದರೆ ಈ ವ್ಯವಸ್ಥೆಯಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ. ನಾವು ಅಷ್ಟು ಎಚ್ಚರಿಕೆಯಿಂದ ತುಂಬುವ ಹೆಸರನ್ನು ತಾಳೆ ನೋಡುವ ಕಡ್ಡಾಯವಿರಲಿಲ್ಲ. ಹುಂಡಿ ಕೇಳುತ್ತಿದ್ದ ಪ್ರಶ್ನೆಯನ್ನು ಹನ್ನೊಂದು ಅಕ್ಷರಗಳು ಕೇಳುತ್ತಿರಲಿಲ್ಲ. ಎಲ್ಲಿಗೆ ಎಂದು ಮಾತ್ರ ಗೊತ್ತು, ಯಾರಿಗೆ ಎಂದು ಗೊತ್ತಿಲ್ಲ. ಎಷ್ಟೋ ಜನ ಇದರಿಂದ ಹಣ ಕಳೆದುಕೊಂಡರು, ಮೋಸಗಾರರು ಇದನ್ನೇ ಬಂಡವಾಳ ಮಾಡಿಕೊಂಡರು. ಕೊನೆಗೆ 2024ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ ಹಣ ಕಳಿಸುವ ಮೊದಲು ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ಕಳಿಸುವವರಿಗೆ ತೋರಿಸುವ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ 1ರೊಳಗೆ ಕೊಡಬೇಕು. ಮತ್ತೆ ಏಪ್ರಿಲ್ ಒಂದು.

ಯುಪಿಐ ಬಂದ ಮೇಲೆ ಈ ಕೋಡುಗಳನ್ನು ಯಾರು ಕೇಳುತ್ತಾರೆ ಎನ್ನುವವರಿದ್ದಾರೆ. ಫೋನ್ ನಂಬರಿಗೆ ಹಣ ಹೋಗುತ್ತದೆ, ಚೌಕುಳಿ ಚಿತ್ರಕ್ಕೆ ಹಣ ಹೋಗುತ್ತದೆ. ಆದರೆ ಆ ನಂಬರಿನ ಹಿಂದೆ ಒಂದು ಖಾತೆ, ಅದರ ಜೊತೆಗೆ ಅದೇ ಹನ್ನೊಂದು ಅಕ್ಷರ ಇದ್ದೇ ಇವೆ. ನಮಗೆ ಕಾಣುವುದಿಲ್ಲ, ಅಷ್ಟೆ. ದೊಡ್ಡಮ್ಮನಂಥವರ ಬಳಿ ಯುಪಿಐಯೂ ಇಲ್ಲ. ಅವರಿಗೆ ನಾನು ಈಗಲೂ ನೆಫ್ಟ್ ಮೂಲಕವೇ ಕಳಿಸುತ್ತೇನೆ.

ಅವರ ಕಣ್ಣು 2021ರಲ್ಲೇ ಸರಿಯಾಯಿತು. ಆಗ ಶಾಖೆಯ ಹೊಸ ಕೋಡನ್ನು ಪಕ್ಕದ ಮನೆಯ ಹುಡುಗ ಫೋಟೋ ತೆಗೆದು ಕಳಿಸಿದ್ದ. ಕಳೆದ ವರ್ಷ ನನ್ನ ಫೋನು ಕೆಟ್ಟು, ಹೊಸದರಲ್ಲಿ ಎಲ್ಲರನ್ನೂ ಮತ್ತೆ ಸೇರಿಸಬೇಕಾಯಿತು. ದೊಡ್ಡಮ್ಮನ ಖಾತೆ ಸಂಖ್ಯೆ ಹಾಕಿದೆ, ಹೊಸ ಕೋಡು ಹಾಕಿದೆ. ತೆರೆಯ ಮೇಲೆ ಒಂದು ಹೆಸರು ಮೂಡಿತು, ಇವರಿಗೇ ಕಳಿಸಬೇಕೇ ಎಂಬ ಪ್ರಶ್ನೆಯ ಜೊತೆ. ನಾನು ಕಂಡು ಕೇಳರಿಯದ ಹೆಸರು. ಒಂದಂಕಿ ತಪ್ಪಿಸಿದೆನೆಂದು ಎರಡು ಸಲ ತಿದ್ದಿ ನೋಡಿದೆ. ಮತ್ತೆ ಅದೇ ಹೆಸರು ಬಂತು. ಕೊನೆಗೆ ಫೋನು ಮಾಡಿ ಓದಿ ಹೇಳಿದೆ.

ಅವರು ತುಂಬಾ ಹೊತ್ತು ನಕ್ಕರು. ಅದು ಅವರ ತವರಿನ ಹೆಸರಂತೆ. ಮದುವೆಯಲ್ಲಿ ಬೇರೆ ಹೆಸರಿಟ್ಟು ಮನೆತುಂಬಿಸಿಕೊಂಡರು, ಆಮೇಲೆ ಈ ಮನೆಯಲ್ಲಿ ಯಾರೂ ಅವರನ್ನು ಹಾಗೆ ಕರೆದದ್ದಿಲ್ಲ. ಖಾತೆ ತೆರೆಯುವ ದಿನ ದೊಡ್ಡಪ್ಪ ಅರ್ಜಿಯಲ್ಲಿ ತಾವೇ ಆ ಹೆಸರು ಬರೆದಿದ್ದರಂತೆ. ಯಾಕೆಂದು ಇವರು ಕೇಳಿರಲಿಲ್ಲ.

"ನಿಂಗ್ ಗೊತ್ತಿಲ್ಲ ಮಗಾ," ಅಂದರು. "ಬ್ಯಾಂಕಿಗ್ ಗೊತ್ತಿತ್ತ್."